ಕಾಟಾದ ಮುಂದೆ ನಿಂತವನು ಸಭೆಯಲ್ಲಿ ಸಾಕ್ಷಿ ಹೇಳಬಹುದಾ?

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ವಂದನೆಗಳು. ಇದನ್ನು ಬರೆಯಬೇಕು ಅಂತ ಮೂರು ದಿನದಿಂದ ಫೋನ್ ಹಿಡಿದು ಕೂತಿದ್ದೇನೆ. ನಮ್ಮ ಚರ್ಚಿನ ಸಭೆಯವರನ್ನು ನೇರವಾಗಿ ಕೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನಗೆ 27 ವರ್ಷ. ಕಲಬುರಗಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ರೈತರ ತೊಗರಿ ಬಂದರೆ ಕಾಟಾದ (ತೂಕದ ಯಂತ್ರದ) ಮೇಲೆ ತೂಕ ನೋಡಿ ಬರೆದುಕೊಳ್ಳೋದು, ತೂಕ-ದುಡ್ಡಿನ ಪಟ್ಟಿ ಮಾಡಿ ಕೊಡೋದು ನನ್ನ ಪಾಲಿನ ಕೆಲಸ. ಭಾನುವಾರ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಂಗಡಿಯಲ್ಲಿ ಊಟದ ಹೊತ್ತಿಗೆ ಚೀಲದ ಮೇಲೆ ಕೂತು ಸತ್ಯವೇದ (ಬೈಬಲ್) ಓದುವ ರೂಢಿ ಇದೆ. ರೊಟ್ಟಿ ಗಂಟು ಬಿಚ್ಚುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತೇನೆ. ಹಮಾಲರು ಇದನ್ನೆಲ್ಲ ನೋಡಿ ನೋಡಿ ನನಗೆ ‘ಪಾಸ್ಟರ್’ ಅಂತಲೇ ಹೆಸರಿಟ್ಟಿದ್ದಾರೆ. ಪ್ರೀತಿಯಿಂದಲೇ ಕರೆಯುತ್ತಾರೆ.

ಈಗ ವಿಷಯ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಪ್ರತಿ ಕ್ವಿಂಟಲಿಗೆ ಒಂದು ಕಿಲೋ ಕಡಿಮೆ ಬರೆಯುವ ಪದ್ಧತಿ ಇದೆ. ಕಸ, ಮಣ್ಣು, ತೇವ ಅಂತ ಬಾಯಲ್ಲಿ ಹೇಳುತ್ತೇವೆ. ಕಾಳು ಸ್ವಚ್ಛ ಇದ್ದರೂ ಅಷ್ಟೇ, ಖಡಕ್ ಒಣಗಿದ್ದರೂ ಅಷ್ಟೇ. ಖಾಲಿ ಚೀಲದ ತೂಕ ಮೊದಲೇ ಕಳೆದಿರುತ್ತೇವೆ, ಇದು ಅದರ ಮೇಲಿಂದು. ನಾನು ಸೇರಿದ ಮೊದಲ ವಾರವೇ ಸಾಹುಕಾರರು ಹೇಳಿಕೊಟ್ಟರು. ಐದು ವರ್ಷ ಹಾಗೇ ಬರೆದಿದ್ದೇನೆ. ಇದು ಕಳ್ಳತನ ಅಂತ ಅನಿಸಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅನಿಸಿತ್ತು. ಆದರೆ ಅದು ಸಾಹುಕಾರರ ಲೆಕ್ಕ, ನನ್ನದಲ್ಲ ಅಂದುಕೊಂಡಿದ್ದೆ.

ಹೋದ ತಿಂಗಳು ಆಳಂದ ಕಡೆಯ ಒಬ್ಬ ರೈತರು 18 ಕ್ವಿಂಟಲ್ ತಂದರು. ಅರವತ್ತು ದಾಟಿದವರು. ಪಟ್ಟಿ ಕೈಗೆ ಕೊಟ್ಟಾಗ ಬಹಳ ಹೊತ್ತು ನೋಡಿದರು. ‘ಮನಿಯಾಗ ತೂಕ ಮಾಡ್ಕೊಂಡೇ ಬಂದೀನಪಾ. ಹದಿನೆಂಟು ಕಿಲೋ ಎಲ್ಲಿ ಹೋಯ್ತು?’ ಅಂದರು. ‘ಕಸ ಕಾಕಾ’ ಅಂದೆ. ಅವರು ಚೀಲದಿಂದ ಒಂದು ಮುಷ್ಟಿ ತೊಗರಿ ತೆಗೆದು ನನ್ನ ಅಂಗೈಗೆ ಹಾಕಿದರು. ಏನೂ ಮಾತಾಡಲಿಲ್ಲ. ದುಡ್ಡು ಎಣಿಸಿಕೊಂಡು ಹೋದರು. ಆ ಮುಷ್ಟಿಯಲ್ಲಿ ಒಂದು ಕಡ್ಡಿ ಕೂಡ ಇರಲಿಲ್ಲ.

ಸಂಜೆ ಒಬ್ಬ ಹಮಾಲ ಬಂದು ಕೇಳಿದ: ‘ಪಾಸ್ಟರ್, ನಿಮ್ಮ ಪುಸ್ತಕದಾಗ ಕಿಲೋಕ್ಕ ಎಷ್ಟು ಗ್ರಾಂ ಅದಾವ್ರಿ?’ ಅವನು ನಗುತ್ತಾ ಕೇಳಲಿಲ್ಲ. ಅವನಿಗೆ ನಿಜವಾಗಲೂ ಉತ್ತರ ಬೇಕಿತ್ತು.

ಇದರ ನಡುವೆ ನಮ್ಮ ಯೌವನಸ್ಥರ ಕೂಟ ಬಂದಿದೆ. 1 ತಿಮೊಥೆಯ 4:12ರ ಮೇಲೆ, ಅಂದರೆ ಮಾತಿನಲ್ಲಿ, ನಡತೆಯಲ್ಲಿ, ಪ್ರೀತಿಯಲ್ಲಿ, ನಂಬಿಕೆಯಲ್ಲಿ, ಶುದ್ಧತೆಯಲ್ಲಿ ಮಾದರಿಯಾಗಿರು ಅನ್ನುವ ಮಾತಿನ ಮೇಲೆ ನಾನೇ ಸಾಕ್ಷಿ ಹೇಳಬೇಕಂತೆ, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳಬೇಕಂತೆ. ಇನ್ನು ಮೂರು ವಾರ ಇದೆ.

ಇನ್ನೊಂದು ಗೊಂದಲವೂ ಇದೆ. ಮತ್ತಾಯ 5:16ರಲ್ಲಿ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಅಂತ ಯೇಸುಸ್ವಾಮಿ ಹೇಳುತ್ತಾರೆ. ಮುಂದಿನ ಅಧ್ಯಾಯ ತೆಗೆದರೆ, ಜನರು ನೋಡಲಿ ಅಂತ ಧರ್ಮಕಾರ್ಯ ಮಾಡಬೇಡಿ, ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸು ಅಂತಲೂ ಅವರೇ ಹೇಳುತ್ತಾರೆ. ನಾನು ಚೀಲದ ಮೇಲೆ ಕೂತು ಓದೋದು ಇವೆರಡರಲ್ಲಿ ಯಾವುದು? ಈಗ ನಾನೇನು ಮಾಡಲಿ? ಅವ್ವನಿಗೆ ಸಕ್ಕರೆ ಕಾಯಿಲೆ, ಔಷಧಿ ನಿಲ್ಲಿಸುವ ಹಾಗಿಲ್ಲ. ಪಗಾರ ಬರೋದು ಇದೊಂದೇ ಕಡೆಯಿಂದ.

ಮೇಷ್ಟ್ರು, ಯಾದಗಿರಿ

ತಮ್ಮಾ, ಓದಿದೆ. ಎರಡು ಸಲ ಓದಿದೆ.

ಸಾಕ್ಷಿ ಹೇಳು ಅನ್ನುವ ಪಕ್ಷ ನನ್ನದು. ನಾವು ಮೆಥೋಡಿಸ್ಟರು, ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ನಮ್ಮ ಪಂಥ ಶುರು ಮಾಡಿದ ಜಾನ್ ವೆಸ್ಲಿ ಅಮೆರಿಕದ ಜಾರ್ಜಿಯಾಕ್ಕೆ ಸುವಾರ್ತೆ ಸಾರಲು ಹೋಗಿ, ಸೋತು, 1738ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದಿದ್ದರು. ನನಗೇ ನಂಬಿಕೆ ಇಲ್ಲ, ಬೇರೆಯವರಿಗೆ ಹೇಗೆ ಬೋಧಿಸಲಿ, ನಿಲ್ಲಿಸಿಬಿಡಲಾ ಅಂತ ಪೀಟರ್ ಬೋಲರ್ ಅನ್ನುವ ಮೊರಾವಿಯನ್ ಪಂಥದ ಸ್ನೇಹಿತನನ್ನು ಕೇಳಿದರು. ಬೋಲರ್ ಬೇಡವೇ ಬೇಡ ಅಂದ. ನಂಬಿಕೆ ಸಿಗುವ ತನಕ ನಂಬಿಕೆಯನ್ನೇ ಬೋಧಿಸು, ಸಿಕ್ಕ ಮೇಲೆ ಸಿಕ್ಕಿದೆ ಅಂತ ಬೋಧಿಸುತ್ತೀ ಅಂದ. ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ವೆಸ್ಲಿಯವರ ಹೃದಯ ಬೆಚ್ಚಗಾಯಿತು, ಬೇಕಿದ್ದ ನಂಬಿಕೆ ಸಿಕ್ಕಿತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಸಂಜೆ ಬರುತ್ತಿತ್ತೋ ಇಲ್ಲವೋ.

ಕೆಲಸದ ಬಗ್ಗೆ ಹೇಳೋದಾದರೆ, ದಾನಿಯೇಲನ ಮೊದಲ ಅಧ್ಯಾಯ ನೋಡು. ಅರಸನ ಊಟ ಬೇಡ ಅಂತ ಅವನು ತಟ್ಟೆ ಎಸೆಯಲಿಲ್ಲ. ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ನಮ್ಮನ್ನು ಪರೀಕ್ಷೆ ಮಾಡಿ ನೋಡಿ ಅಂತ ವಿನಯದಿಂದ ಕೇಳಿಕೊಂಡ. ನೀನೂ ಸಾಹುಕಾರರನ್ನು ಹತ್ತು ದಿನ ಕೇಳು. ‘ಹತ್ತು ದಿನ ಸರಿ ತೂಕ ಬರೀತೀನ್ರಿ, ಗಿರಾಕಿ ಹೆಚ್ಚಾಗ್ತಾರೋ ಕಡಿಮೆ ಆಗ್ತಾರೋ ನೋಡ್ರಿ’ ಅನ್ನು. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಇಲಾಖೆಯವರು ಬಂದು ಮುದ್ರೆ ಹಾಕುತ್ತಾರಲ್ಲ, ಯಂತ್ರ ಸರಿಯಾಗಿಯೇ ತೋರಿಸುತ್ತದೆ. ತಪ್ಪು ಆಗುತ್ತಿರೋದು ನಿನ್ನ ಪೆನ್ನಿನಲ್ಲಿ. ಅಂದರೆ ಸರಿಪಡಿಸೋದು ನಿನ್ನ ಕೈಯಲ್ಲೇ ಇದೆ.

ಹುಮನಾಬಾದ್ ಅಕ್ಕ

ಮೇಷ್ಟ್ರೇ, ಬೇಜಾರಾಗಬೇಡಿ. ಹತ್ತು ದಿನ ಕೇಳು ಅನ್ನೋದು ಸುಲಭ. ನಮ್ಮ ಮನೆಯವರು ಒಂದು ಅಂಗಡಿಯಲ್ಲಿ ಸುಳ್ಳು ಬಿಲ್ ಬರೆಯೋದಿಲ್ಲ ಅಂದರು. ಅವತ್ತೇ ಸಂಜೆ ಲೆಕ್ಕ ಮುಗಿಸಿ ಕಳಿಸಿದರು. ಮೂರು ತಿಂಗಳು ಕೆಲಸ ಇರಲಿಲ್ಲ. ಆಗ ನನ್ನ ಎರಡನೇ ಮಗಳಿಗೆ ಏಳು ತಿಂಗಳು.

ತಮ್ಮಾ, ಮೊದಲು ಬೇರೆ ಕಡೆ ಒಂದು ಕೆಲಸ ನೋಡಿಟ್ಟುಕೋ. ಇದು ನಂಬಿಕೆ ಇಲ್ಲದ ಮಾತಲ್ಲ. ಅವ್ವನ ಔಷಧಿಯೂ ದೇವರು ನಿನಗೆ ಒಪ್ಪಿಸಿದ ಕೆಲಸವೇ.

ಮತ್ತಾಯ 6ರ ಬಗ್ಗೆ ಕೇಳಿದೆಯಲ್ಲ, ಅದಕ್ಕೆ ಒಂದು ಮಾತು. ಆ ಮೂರು ತಿಂಗಳು ನಮ್ಮ ಸಭೆಯ ಒಬ್ಬ ಹಿರಿಯಮ್ಮ ವಾರಕ್ಕೊಮ್ಮೆ ಕತ್ತಲಾದ ಮೇಲೆ ಹಿತ್ತಲ ಬಾಗಿಲಿಗೆ ಜೋಳದ ಹಿಟ್ಟು ತಂದಿಟ್ಟು ಹೋಗುತ್ತಿದ್ದರು. ಮುಂಬಾಗಿಲಿಗೆ ಬಂದರೆ ಓಣಿಯವರು ನೋಡುತ್ತಾರೆ, ನಮಗೆ ನಾಚಿಕೆ ಆಗುತ್ತದೆ ಅಂತ. ಒಂದು ದಿನವೂ ಸಭೆಯಲ್ಲಿ ಹೇಳಲಿಲ್ಲ. ನನ್ನ ದೊಡ್ಡ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಯಾರಿಗಾದರೂ ಏನಾದರೂ ಕೊಡಬೇಕಾದರೆ ಹಿತ್ತಲಿನಿಂದಲೇ ಹೋಗುತ್ತಾಳೆ. ನಾನು ಕಲಿಸಿದ್ದಲ್ಲ, ನೋಡಿ ಕಲಿತದ್ದು. ಬಾಗಿಲು ಮುಚ್ಚಿಕೊಂಡು ಮಾಡಿದ್ದೂ ಬೆಳಕೇ ಅಲ್ವಾ?

ನಿವೃತ್ತ ಸಿಸ್ಟರ್, ಬೀದರ್

ಮಗಾ, ನಾನು ಮಂಗಲಪೇಟೆಯವಳು. 34 ವರ್ಷ ನರ್ಸ್ ಕೆಲಸ ಮಾಡಿದ್ದೇನೆ. ನಿನ್ನ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಡ್ಯೂಟಿಗೆ ಹತ್ತು ನಿಮಿಷ ಮೊದಲೇ ಬಂದು, ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪ್ರಾರ್ಥನೆ ಮಾಡುತ್ತಾರೆ ಅಂತ ನಮಗೆ ಗೊತ್ತಾಗಲು ವರ್ಷ ಹಿಡಿಯಿತು. ಆದರೆ ಇನ್ನೊಂದು ವಿಷಯ ಮೊದಲ ವಾರವೇ ಕಣ್ಣಿಗೆ ಬಿತ್ತು. ಬೀದರಿನ ಡಿಸೆಂಬರ್ ಚಳಿ ನಿಮಗೆ ಗೊತ್ತಲ್ಲ, ಕಬ್ಬಿಣ ಮುಟ್ಟಿದರೆ ಕೈ ಮರಗಟ್ಟುತ್ತದೆ. ಬೆಡ್‌ಪ್ಯಾನನ್ನು ಅವರು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬೆಚ್ಚಗಿದೆಯಾ ಅಂತ ತಮ್ಮ ಮುಂಗೈಗೆ ಮುಟ್ಟಿಸಿಕೊಂಡು ನೋಡಿ ಆಮೇಲೆ ರೋಗಿಗೆ ಕೊಡುತ್ತಿದ್ದರು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಯಾಕೆ ಸಿಸ್ಟರ್ ಅಂತ ಕೇಳಿದರೆ, ‘ತಣ್ಣಗಿರ್ತದಲ್ಲ’ ಅಂದರು, ಅಷ್ಟೇ.

ನೀನು ಕೇಳಿದ 5ನೇ ಅಧ್ಯಾಯಕ್ಕೂ 6ನೇ ಅಧ್ಯಾಯಕ್ಕೂ ಜಗಳ ಇಲ್ಲ ಅಂತ ನನಗೆ ಗೊತ್ತಾಗಿದ್ದು ಅವರಿಂದ. ಮುಚ್ಚಿದ ಕೋಣೆಯಲ್ಲಿ ಇದ್ದದ್ದು ಪ್ರಾರ್ಥನೆ. ಹೊರಗೆ ಬಂದದ್ದು ಬೆಚ್ಚಗಿನ ಬೆಡ್‌ಪ್ಯಾನ್. ನೀನು ಚೀಲದ ಮೇಲೆ ಕೂತು ಓದೋದನ್ನು ಬಿಡಬೇಡ. ಆದರೆ ಹಮಾಲರಿಗೆ ನಿನ್ನ ಓದು ಕಾಣುತ್ತಿದೆ, ಓದಿನಿಂದ ಬಂದದ್ದು ಕಾಣುತ್ತಿಲ್ಲ. ಆ ಹುಡುಗ ಕೇಳಿದ್ದು ಅದನ್ನೇ.

ಈಗ ನನ್ನ ತಪ್ಪು ಹೇಳುತ್ತೇನೆ. ಸೇರಿದ ಮೂರನೇ ವರ್ಷ. ರಾತ್ರಿ ಪಾಳಿ. ಔರಾದ್ ಕಡೆಯ ಒಬ್ಬ ಮುಸ್ಲಿಂ ತಾಯಿ ತನ್ನ ಆರು ವರ್ಷದ ಮಗನನ್ನು ಸೇರಿಸಿದ್ದಳು. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಚಾರ್ಟಿನಲ್ಲಿ ಬರೆಯಬೇಕು. ರಾತ್ರಿ ಎರಡು ಗಂಟೆಗೆ ನಾನು ನೋಡಲಿಲ್ಲ. ಕಾಲು ನೋಯುತ್ತಿತ್ತು, ಮಗು ಮಲಗಿತ್ತು. 99 ಅಂತ ಬರೆದುಬಿಟ್ಟೆ. ಬೆಳಿಗ್ಗೆ ಆರಕ್ಕೆ ನೋಡಿದರೆ 104. ಡಾಕ್ಟರು ಓಡಿ ಬಂದರು. ದೇವರ ದಯೆ, ಮಗು ಉಳಿಯಿತು. ಎರಡು ಗಂಟೆಗೆ 99 ಇತ್ತಲ್ಲ, ಇಷ್ಟು ಬೇಗ ಹೇಗೆ ಏರಿತು ಅಂತ ಎಲ್ಲರೂ ಆಶ್ಚರ್ಯಪಟ್ಟರು. ನಾನು ಸುಮ್ನೆ ನಿಂತಿದ್ದೆ.

ಅದು ಶನಿವಾರ. ಮರುದಿನ ಚರ್ಚಿನಲ್ಲಿ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ ಇತ್ತು. ಅವತ್ತು ಓದಿದ ವಾಕ್ಯ ಮತ್ತಾಯ 5ರದ್ದೇ. ನಿನ್ನ ಕೂಟದಲ್ಲಿ 16ನೇ ವಚನವನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ 23, 24 ಓದು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ನಿನ್ನ ಮೇಲೆ ಸಹೋದರನಿಗೆ ಏನೋ ದೂರು ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಹತ್ತಿರ ಹೋಗು, ಆಮೇಲೆ ಬಂದು ಕೊಡು. ನಾನು ಪ್ರಭುಭೋಜನಕ್ಕೆ ಮುಂದೆ ಹೋಗಲಿಲ್ಲ. ಎದ್ದು ಆಸ್ಪತ್ರೆಗೆ ಹೋದೆ.

ಮೊದಲು ಡಾಕ್ಟರಿಗೆ ಹೇಳಿದೆ. ಬೈದರು, ಒಂದು ತಿಂಗಳು ರಾತ್ರಿ ಪಾಳಿ ಹಾಕಿದರು. ಆಮೇಲೆ ಆ ತಾಯಿಗೆ ಹೇಳಿದೆ. ಅದು ಕಷ್ಟ ಆಯಿತು. ನನಗೆ ಬಂದಷ್ಟು ಉರ್ದುವಿನಲ್ಲಿ, ಎರಡು ಗಂಟೆಗೆ ನಾನು ನೋಡಿರಲಿಲ್ಲ, ಸುಳ್ಳು ಬರೆದೆ ಅಂದೆ. ಅವಳು ಅಳಲಿಲ್ಲ, ಬೈಯಲಿಲ್ಲ, ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಬಹಳ ಹೊತ್ತು ಮಗನ ಕಾಲು ಒತ್ತುತ್ತಾ ಕೂತಿದ್ದಳು. ಆಮೇಲೆ ನನ್ನ ಜೇಬಿನ ಕಡೆ ಕೈ ತೋರಿಸಿ, ಅದನ್ನು ಓದೋದು ನನಗೂ ಕಲಿಸು ಅಂದಳು. ಥರ್ಮಾಮೀಟರ್. ಪಾದರಸದ ಗೆರೆ ಕಾಣಬೇಕಾದರೆ ಹೇಗೆ ಹೊರಳಿಸಬೇಕು ಅಂತ ತೋರಿಸಿಕೊಟ್ಟೆ. ಅಂಕಿ ಅವಳಿಗೆ ಬರುತ್ತಿರಲಿಲ್ಲ, ಎಷ್ಟನೇ ಗೆರೆ ಅಂತ ಎಣಿಸಿದಳು. ಮುಂದಿನ ನಾಲ್ಕು ರಾತ್ರಿ ನಾವಿಬ್ಬರೂ ಸೇರಿ ನೋಡಿದೆವು.

ಅದಾದ ಮೇಲೆ 31 ವರ್ಷ ನೋಡದೆ ಒಂದು ಅಂಕಿಯನ್ನೂ ಬರೆದಿಲ್ಲ.

ಮೇಷ್ಟ್ರು ವೆಸ್ಲಿಯವರ ಮಾತು ಹೇಳಿದರು. ಒಳ್ಳೆಯ ಮಾತು. ಆದರೆ ವೆಸ್ಲಿಯವರಿಗೆ ಇಲ್ಲದೇ ಇದ್ದದ್ದು ಮನಸ್ಸಿನ ನಿಶ್ಚಯ. ಅವರು ಇನ್ನೊಬ್ಬರ ತೊಗರಿ ಇಟ್ಟುಕೊಂಡಿರಲಿಲ್ಲ. ನಿನ್ನ ಸಂಗತಿಗೆ ರೋಮಾಪುರದವರಿಗೆ ಬರೆದ ಪತ್ರದ 2:21 ಸರಿಯಾಗಿ ಹೊಂದುತ್ತದೆ. ಕದಿಯಬಾರದು ಅಂತ ಬೋಧಿಸುವ ನೀನೇ ಕದಿಯುತ್ತೀಯಾ ಅಂತ ಪೌಲ ಕೇಳುತ್ತಾನೆ. ಅದಕ್ಕೆ ಕೂಟಕ್ಕಿಂತ ಮೊದಲು ಆಳಂದಕ್ಕೆ ಹೋಗು. ಸಾಹುಕಾರರ ಹತ್ತಿರ ಆಮೇಲೆ ಮಾತಾಡು. ಅವರ ಪಾಪ ಅವರದು, ಪೆನ್ನು ನಿನ್ನದು.

ಎಷ್ಟು ಕೊಡಬೇಕು ಅಂತ ಕೇಳುತ್ತೀಯಾ? ಯಾಜಕಕಾಂಡ 6ನೇ ಅಧ್ಯಾಯದಲ್ಲಿ ಲೆಕ್ಕವೇ ಇದೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಅದರ ಮೇಲೆ ಐದರಲ್ಲಿ ಒಂದು ಭಾಗ ಸೇರಿಸಬೇಕು. ಸುವಾರ್ತೆಯಲ್ಲಿ ಬರುವ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ, ಅವನು ಹಣವಂತ. ನೀನು ಮೊದಲು ಐದರಲ್ಲೊಂದು ಸೇರಿಸಿ ಕೊಡು.

ಚಿಂಚೋಳಿ ರೈತ

ನಾನು ನಿಮ್ಮ ಧರ್ಮದವನಲ್ಲ. ನನ್ನ ಮಗ ಈ ಪ್ರಶ್ನೆ ಓದಿ ಹೇಳಿದ, ಅವನ ಕೈಯಲ್ಲೇ ಬರೆಸುತ್ತಿದ್ದೇನೆ.

ನಮಗೆ ಗೊತ್ತಿಲ್ಲ ಅಂತ ತಿಳಿಯಬೇಡ್ರಿ. ಎಲ್ಲ ರೈತರಿಗೂ ಗೊತ್ತು. ಊರಿನ ಹಿಟ್ಟಿನ ಗಿರಣಿಯಲ್ಲಿ ತೂಕ ಹಾಕಿಕೊಂಡೇ ಗಂಜಿಗೆ ಬರುತ್ತೇವೆ. ಮುಂಗಾರಿಗೆ ಬಿತ್ತಿ ಸಂಕ್ರಾಂತಿ ಹೊತ್ತಿಗೆ ರಾಶಿ ಮಾಡುವ ಬೆಳೆ. ನೆಟೆ ರೋಗ ಬಂದ ವರ್ಷ ನನ್ನ ಹೊಲ ನಿಂತ ನಿಂತಲ್ಲೇ ಒಣಗಿತು. ಅಷ್ಟೆಲ್ಲ ದಾಟಿ ಬಂದ ಕಾಳನ್ನು ಕಸ ಅಂದರೆ, ರೊಕ್ಕಕ್ಕಿಂತ ಆ ಮಾತು ಜಾಸ್ತಿ ನೋಯುತ್ತದೆ. ಆ ಮುದುಕರು ನಿಮ್ಮ ಅಂಗೈಗೆ ಕಾಳು ಹಾಕಿದ್ದು ಅದಕ್ಕೇ.

ನಮ್ಮ ಬಸವಣ್ಣನವರೂ ಕಾಯಕ ಶುದ್ಧ ಇರಬೇಕು ಅಂದವರೇ. ನಮ್ಮಲ್ಲೂ ವಿಭೂತಿ ಹಚ್ಚಿಕೊಂಡು ಕಡಿಮೆ ತೂಗುವವರು ಇದ್ದಾರೆ. ನಿಮ್ಮೊಬ್ಬರನ್ನೇ ಹೇಳೋದಿಲ್ಲ.

ನೀವು ಸರಿ ತೂಕ ಬರೆದ ದಿನ ಹೇಳಿ. ನಮ್ಮ ಊರಿನಿಂದ ಎರಡು ಟ್ರ್ಯಾಕ್ಟರ್ ತೊಗರಿ ನಿಮ್ಮ ಅಂಗಡಿಗೇ ತರುತ್ತೇನೆ. ಆಮೇಲೆ ನಿಮ್ಮ ಯೇಸುಸ್ವಾಮಿಯ ಬಗ್ಗೆಯೂ ಕೂತು ಕೇಳುತ್ತೇನೆ.

ಗಂಜ್ ಗುಮಾಸ್ತ, ಕಲಬುರಗಿ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಋಣಿ.

ಸಿಸ್ಟರಮ್ಮಾ, ಆಳಂದ ಕಡೆ ಹೋಗಿ ಬಂದೆ. ಕಿಲೋಗೆ 70 ರೂಪಾಯಿ ಹಿಡಿದು 18 ಕಿಲೋಗೆ 1,260. ಐದರಲ್ಲೊಂದು ಸೇರಿಸಿ 1,512. ಪಟ್ಟಿ ಪುಸ್ತಕದಲ್ಲಿ ಊರಿನ ಹೆಸರಿತ್ತು. ಬಸ್ ಇಳಿದು ಎರಡು ಕಿಲೋಮೀಟರ್ ನಡೆದೆ. ದಾರಿಯಲ್ಲಿ ನಾಲ್ಕು ಸಲ ವಾಪಸ್ ಹೋಗಿಬಿಡಲಾ ಅನಿಸಿತು. ಕಾಕಾ ಎಮ್ಮೆಗೆ ನೀರು ಕುಡಿಸುತ್ತಿದ್ದರು. ನನ್ನ ಗುರುತು ಸಿಗಲಿಲ್ಲ. ‘ಗಂಜಿನಾಗ ತೂಕ ಬರೆಯುವ ಹುಡುಗ, ಅವತ್ತು ಕಸ ಅಂತ ಸುಳ್ಳು ಹೇಳಿದವನು’ ಅಂದೆ. ರೊಕ್ಕ ಕೈಗೆ ಕೊಟ್ಟೆ. ಎಣಿಸಿದರು. 252 ಜಾಸ್ತಿ ಅದಾವಲ್ಲ ಅಂದರು. ಸತ್ಯವೇದದ ಲೆಕ್ಕ ಹೇಳಿದೆ. ಜಾಸ್ತಿ ಬಂದದ್ದನ್ನು ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಅವರ ಮನೆಯವರು ರೊಟ್ಟಿ, ಪುಂಡಿ ಪಲ್ಲೆ ಹಾಕಿ ಕೊಟ್ಟರು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಲಾ ಬೇಡವಾ ಅಂತ ಹಿಂಜರಿದೆ. ಆಮೇಲೆ ಮಾಡಿದೆ. ಅವರೂ ಕಾದರು.

ಅಕ್ಕಾ, ನೀವು ಹೇಳಿದಂತೆ ಒಂದು ಬೇಳೆ ಮಿಲ್ಲಿನಲ್ಲಿ ಕೆಲಸ ಕೇಳಿಟ್ಟಿದ್ದೇನೆ, ಉತ್ತರ ಬಂದಿಲ್ಲ. ಮೇಷ್ಟ್ರೇ, ಸಾಹುಕಾರರನ್ನು ಹತ್ತು ದಿನ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಹತ್ತು ದಿನ ಕೊಡಲಿಲ್ಲ. ನನ್ನನ್ನು ಕಾಟಾದಿಂದ ತೆಗೆದು ಒಳಗೆ ಲೆಕ್ಕ ಬರೆಯಲು ಕೂರಿಸಿದ್ದಾರೆ. ಪಗಾರ ಅಷ್ಟೇ ಇದೆ. ಕಾಟಾದ ಮುಂದೆ ಈಗ ಇನ್ನೊಬ್ಬ ಹುಡುಗ ನಿಂತಿದ್ದಾನೆ, ಅವನೂ ಒಂದು ಕಿಲೋ ಕಡಿಮೆಯೇ ಬರೆಯುತ್ತಿದ್ದಾನೆ. ಆ ಹಾಳೆಗಳು ನನ್ನ ಮೇಜಿಗೇ ಬರುತ್ತವೆ. ಅದನ್ನು ನೋಡಿ ಕೈ ನಡುಗುತ್ತದೆ. ಇದಕ್ಕೆ ಏನು ಮಾಡಬೇಕು ಅಂತ ಇನ್ನೂ ಪ್ರಾರ್ಥಿಸುತ್ತಿದ್ದೇನೆ. ಹಾಗಾಗಿ ಚಿಂಚೋಳಿ ಅಣ್ಣಾ, ಟ್ರ್ಯಾಕ್ಟರ್ ಈಗಲೇ ತರಬೇಡಿ.

ಹಮಾಲನಿಗೆ ಉತ್ತರ ಕೊಟ್ಟೆ. ಸಾವಿರ ಗ್ರಾಂ ಅಂದೆ. ಜ್ಞಾನೋಕ್ತಿ 11:1 ತೆಗೆದು ಓದಿ ಹೇಳಿದೆ, ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಇದೆ. ಅವನು ಆ ಪುಟಕ್ಕೆ ಒಂದು ತೊಗರಿ ಕಾಳು ಇಟ್ಟು ಮುಚ್ಚು ಅಂದ, ಮತ್ತೆ ಬೇಗ ಸಿಗಲಿ ಅಂತ.

ಕೂಟದಲ್ಲಿ ಮಾತಾಡುತ್ತೇನೆ ಅಂತ ಪಾಸ್ಟರ್ ಅಯ್ಯನವರಿಗೆ ಹೇಳಿದ್ದೇನೆ. ಮಾದರಿಯ ಬಗ್ಗೆ ಅಲ್ಲ, ಸಿಸ್ಟರಮ್ಮ ಹೇಳಿದ ಮತ್ತಾಯ 5ರ 23, 24ರ ಬಗ್ಗೆ. ನಡೆದದ್ದನ್ನು ಅವರಿಗೂ ಪೂರ್ತಿ ಹೇಳಿದೆ.

ಐದು ವರ್ಷದ ಪಟ್ಟಿ ಪುಸ್ತಕ ಎಲ್ಲ ಸಿಗಲಿಲ್ಲ. ಈ ಸುಗ್ಗಿಯ ಒಂದು ಪುಸ್ತಕ ಸಿಕ್ಕಿದೆ. ಅದರಲ್ಲಿ ಇನ್ನೂ ಹದಿನಾಲ್ಕು ಹೆಸರು ಇವೆ. ಪಗಾರದಲ್ಲಿ ಉಳಿಸಿ ತಿಂಗಳಿಗೆ ಒಬ್ಬರ ಹತ್ತಿರ ಹೋಗಬಹುದು. ಮುಂದಿನ ಹೆಸರು ನಿಮ್ಮ ಕಡೆಯದೇ ಅಣ್ಣಾ. ಚಿಂಚೋಳಿಯಿಂದ ಕಲಬುರಗಿಗೆ ಸಂಜೆ ಕೊನೆಯ ಬಸ್ ಎಷ್ಟು ಗಂಟೆಗೆ ಇದೆ?